ಕೊಡಗಿನ ಮೊದಲ ಮತ್ತು ಕೊನೆಯ ಮಂತ್ರಿಮಂಡಲ

ನಮ್ಮ ಅಜ್ಜ ಕಡೆಗಾಲದವರೆಗೂ ಒಂದು ಮಾತನ್ನು ಹೇಳುತ್ತಿದ್ದರು: "ಆಗೆಲ್ಲ ಬೆಳಿಗ್ಗೆ ಗಂಜಿ ಕುಡಿದು ಹೊರಟರೆ ಸಂಜೆಯ ಹೊತ್ತಿಗೆ ಸರಕಾರವನ್ನು ಕಂಡು ಮನೆಗೆ ಬರಬಹುದಿತ್ತು." ಹುಡುಗರಾದ ನಮಗೆ ಈ ಮಾತು ಬಹು ವಿಚಿತ್ರವೆನಿಸುತ್ತಿತ್ತು. ಸರಕಾರವೆಂದರೆ ಬೆಂಗಳೂರಿನಲ್ಲಿರುವುದು, ಅದನ್ನು ಕಾಣಬೇಕಾದರೆ ರಾತ್ರಿ ಬಸ್ಸು ಹತ್ತಬೇಕು, ಪರಿಚಯದವರ ಮನೆಯಲ್ಲಿ ಇಳಿಯಬೇಕು, ಬಾಗಿಲ ಬಳಿ ಕಾಯಬೇಕು. ಬೆಳಿಗ್ಗೆ ಹೋಗಿ ಸಂಜೆಗೆ ಹಿಂದಿರುಗುವಷ್ಟು ಹತ್ತಿರದಲ್ಲಿ ಒಂದು ಸರಕಾರವಿತ್ತೆಂದರೆ ಅದು ಯಾವ ಸರಕಾರ, ಯಾರ ಸರಕಾರ? ಅದು ಕೊಡಗು ರಾಜ್ಯದ ಸರಕಾರ. ರಾಜಧಾನಿ ಮಡಿಕೇರಿ. ವಿಧಾನಸಭೆಯ ಸದಸ್ಯರು 24 ಮಂದಿ. ಮುಖ್ಯಮಂತ್ರಿಗಳನ್ನೂ ಸೇರಿಸಿಕೊಂಡು ಮಂತ್ರಿಗಳು ಇಬ್ಬರು.

ಇಬ್ಬರೇ ಮಂತ್ರಿಗಳೆಂದರೆ ಈಗ ನಗು ಬರಬಹುದು. ಆದರೆ ರಾಜ್ಯದ ಅಳತೆಯನ್ನು ನೋಡಿ. ಸುಮಾರು 1,600 ಚದರ ಮೈಲಿ ನೆಲ. 1951ರ ಜನಗಣತಿಯಂತೆ ಸುಮಾರು 2 ಲಕ್ಷ 29 ಸಾವಿರ ಜನ. ಅದರಲ್ಲಿಯೂ ಬಹುಪಾಲು ಕಾಡು, ಬೆಟ್ಟ, ಕಾಫಿ ತೋಟ, ಕಣಿವೆಯ ಗದ್ದೆ. ಇಷ್ಟು ಸಣ್ಣ ನಾಡಿಗೆ ತನ್ನದೇ ಆದ ಮುಖ್ಯಮಂತ್ರಿ ಹೇಗೆ ಬಂದರು, ಬಂದವರು ಏಕೆ ಉಳಿಯಲಿಲ್ಲ ಎಂಬುದನ್ನು ಈ ಹೊತ್ತು ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ. ಕೊಡಗೆಂದರೆ ದಂಡನಾಯಕರ ನಾಡು, ಕಾಫಿಯ ನಾಡು ಎಂದು ಎಲ್ಲರೂ ಬಲ್ಲರು. ಅದಕ್ಕೊಂದು ರಾಜಕೀಯ ನಾಯಕತ್ವದ ಚರಿತ್ರೆಯೂ ಇದೆಯೆಂಬುದು ಕೊಡಗಿನ ಹೊರಗೆ ಹೆಚ್ಚು ಜನಕ್ಕೆ ನೆನಪಿಲ್ಲ.

ಕೊಡಗಿನಲ್ಲಿ ನಾಯಕತ್ವವೆಂಬುದು ಹೊಸದೇನಲ್ಲ. ಊರಿಗೊಬ್ಬ ತಕ್ಕ, ನಾಡಿಗೊಬ್ಬ ತಕ್ಕ ಎಂಬ ಹಳೆಯ ಏರ್ಪಾಟು ಅಲ್ಲಿತ್ತು. ಹಬ್ಬದ ದಿನ ನಿಶ್ಚಯ ಮಾಡುವುದರಿಂದ ಹಿಡಿದು ಗಡಿಯ ಜಗಳ ತೀರಿಸುವವರೆಗೆ ಅವರ ಮಾತು ನಡೆಯುತ್ತಿತ್ತು. ಅವರ ಮೇಲೆ ಹಾಲೇರಿಯ ಅರಸರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ನಾಡನ್ನು ತೆಗೆದುಕೊಂಡರು. ಮುಂದೆ ಕೊಡಗು ಚೀಫ್ ಕಮಿಷನರ ಪ್ರಾಂತ್ಯವೆನಿಸಿತು. ಇಲ್ಲಿ ಒಂದು ಸ್ವಾರಸ್ಯವಿದೆ. 1881ರ ತರುವಾಯ ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದವರೇ ಕೊಡಗಿಗೂ ಚೀಫ್ ಕಮಿಷನರು. ಅವರ ವಾಸ ಬೆಂಗಳೂರಿನಲ್ಲಿ. ಅಂದರೆ ಕೊಡಗು ಬೆಂಗಳೂರಿನಿಂದ ಆಳಿಸಿಕೊಂಡದ್ದು 1956ರಲ್ಲಿ ಮೊದಲಾದುದಲ್ಲ. ಅದಕ್ಕೆ ಮುಂಚೆಯೂ ಸುಮಾರು 60 ವರ್ಷ ಹಾಗೆಯೇ ನಡೆದಿತ್ತು. 1940ರಲ್ಲಿ ಮಾತ್ರ ಈ ಎರಡು ಹುದ್ದೆಗಳು ಬೇರೆಯಾಗಿ, ಕೊಡಗಿಗೇ ಒಬ್ಬ ಚೀಫ್ ಕಮಿಷನರು ಮಡಿಕೇರಿಗೆ ಬಂದರು.

ಜನರ ಕೈಗೆ ಅಧಿಕಾರ ಹನಿಹನಿಯಾಗಿ ಬಂದಿತು. 1924ರಲ್ಲಿ ಒಂದು ಶಾಸನ ಪರಿಷತ್ತು ಏರ್ಪಟ್ಟಿತು. 20 ಮಂದಿ ಸದಸ್ಯರಲ್ಲಿ 15 ಮಂದಿ ಚುನಾಯಿತರು. ಪ್ರಶ್ನೆ ಕೇಳಬಹುದಿತ್ತು, ಮಾತನಾಡಬಹುದಿತ್ತು. ಆಳುವುದು ಮಾತ್ರ ಚೀಫ್ ಕಮಿಷನರು. ಸ್ವಾತಂತ್ರ್ಯ ಬಂದಾಗ ಕೊಡಗಿನವರೇ ಆದ ಕೇತೋಳಿರ ಚೆಂಗಪ್ಪನವರು ಆ ಹುದ್ದೆಗೆ ಬಂದುದು ನಾಡಿನವರಿಗೆ ದೊಡ್ಡ ಸಂತೋಷದ ಸಂಗತಿ. ಆದರೂ ಅದು ಅಧಿಕಾರಿಯ ಆಡಳಿತವೇ ಹೊರತು ಪ್ರಜೆಗಳು ಆರಿಸಿದ್ದಲ್ಲ.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ರಾಜ್ಯಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದರು. ಹಿಂದಿನ ಗವರ್ನರುಗಳ ಪ್ರಾಂತ್ಯಗಳು ಎ ವರ್ಗ. ಮೈಸೂರು, ಹೈದರಾಬಾದಿನಂಥ ದೊಡ್ಡ ಸಂಸ್ಥಾನಗಳು ಬಿ ವರ್ಗ. ಉಳಿದ ಸಣ್ಣಪುಟ್ಟವು ಸಿ ವರ್ಗ. ಕೊಡಗು ಸಿ ವರ್ಗಕ್ಕೆ ಸೇರಿತು. 1951ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿ, ಸಿ ವರ್ಗದ ಆರು ರಾಜ್ಯಗಳಿಗೆ ವಿಧಾನಸಭೆಯನ್ನು ಕೊಟ್ಟಿತು. ಅವು ಅಜ್ಮೀರ್, ಭೋಪಾಲ್, ಕೊಡಗು, ದೆಹಲಿ, ಹಿಮಾಚಲ ಪ್ರದೇಶ, ವಿಂಧ್ಯ ಪ್ರದೇಶ. ಈ ಆರರಲ್ಲಿ ಅತಿ ಕಿರಿಯ ಸಭೆ ನಮ್ಮದು. ಸಣ್ಣ ರಾಜ್ಯವೆಂದರೆ ಸಣ್ಣ ನಾಯಕರು ಎಂದು ತಿಳಿಯಬಾರದು. ಭೋಪಾಲಿನಲ್ಲಿ ಆಗ ಮುಖ್ಯಮಂತ್ರಿಗಳಾಗಿದ್ದ ಶಂಕರ ದಯಾಳ ಶರ್ಮರು ಮುಂದೆ 1992ರಲ್ಲಿ ರಾಷ್ಟ್ರಪತಿಗಳಾದರು. ಹಿಮಾಚಲದ ಯಶವಂತ ಸಿಂಗ್ ಪರಮಾರರು ಆ ನಾಡನ್ನು ಕಟ್ಟಿದವರೆಂದೇ ಹೆಸರಾದರು. ಅಂದಹಾಗೆ, ರಾಜ್ಯಸಭೆಯಲ್ಲಿ ಕೊಡಗಿಗೂ ಅಜ್ಮೀರಿಗೂ ಸೇರಿ ಇದ್ದುದು ಒಂದೇ ಸ್ಥಾನ, ಅದೂ ಸರದಿಯ ಮೇಲೆ. ಮರಳುಗಾಡಿನ ಅಂಚಿನ ಅಜ್ಮೀರೆಲ್ಲಿ, ಮಳೆಯಲ್ಲಿ ನೆನೆಯುವ ಮಡಿಕೇರಿಯೆಲ್ಲಿ! ದೆಹಲಿಯ ಲೆಕ್ಕದಲ್ಲಿ ಎರಡೂ ಒಂದೇ ಕುರ್ಚಿಯಲ್ಲಿ ಕೂತುವು.

ಇನ್ನು 1952ರ ಚುನಾವಣೆಗೆ ಬರೋಣ. ಆ ಮೊದಲ ಮಹಾಚುನಾವಣೆಯಲ್ಲಿ ಈಗಿನಂತೆ ಒಂದೇ ಪೆಟ್ಟಿಗೆಯಾಗಲಿ ಯಂತ್ರವಾಗಲಿ ಇರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಚಿಹ್ನೆ. ಮತದಾರನು ಮರೆಯೊಳಗೆ ಹೋಗಿ ತನ್ನ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು. ಕಾಂಗ್ರೆಸ್ಸಿನದು ಜೋಡೆತ್ತು. ಅದಕ್ಕೆ ಎದುರಾಗಿ ನಿಂತವರನ್ನು ಜನ ತಕ್ಕಡಿ ಪಕ್ಷದವರೆಂದು ಕರೆದರು. ಲೆಕ್ಕಪತ್ರದಲ್ಲಿ ಅವರು ಪಕ್ಷೇತರರು. ಜನರ ಬಾಯಲ್ಲಿ ತಕ್ಕಡಿಯವರು.

ಈ ಎರಡು ಕಡೆಯ ಮುಂದಾಳುಗಳನ್ನು ನೋಡಿದರೆ ಆ ಚುನಾವಣೆಯ ನಿಜವಾದ ತಿರುಳು ತಿಳಿಯುತ್ತದೆ. ಕಾಂಗ್ರೆಸ್ಸಿನ ಕಡೆ ಚೆಪ್ಪುಡಿರ ಮುತ್ತಣ್ಣ ಪೂಣಚ್ಚನವರು. 1910ರಲ್ಲಿ ಹುಟ್ಟಿದವರು, ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿಯೇ ಚಳವಳಿಗೆ ಇಳಿದು ಸೆರೆಮನೆ ಕಂಡವರು, ಸಂವಿಧಾನ ಸಭೆಯಲ್ಲಿ ಕೊಡಗಿಗಿದ್ದ ಒಂದೇ ಸ್ಥಾನದಲ್ಲಿ ಕುಳಿತು ಬಂದವರು. ತಕ್ಕಡಿಯ ಕಡೆ ಪಂದ್ಯಂಡ ಬೆಳ್ಳಿಯಪ್ಪನವರು. ಇವರನ್ನು ಜನ ಕೊಡಗಿನ ಗಾಂಧಿ ಎಂದು ಕರೆಯುತ್ತಿದ್ದರು. ಖಾದಿ, ಚಳವಳಿ, ಪತ್ರಿಕೆ ಇವೇ ಅವರ ಬಾಳು. ಇಬ್ಬರೂ ಒಂದೇ ಹೋರಾಟದ ಮೂಸೆಯಿಂದ ಬಂದವರು. ಒಬ್ಬರು ದೇಶಭಕ್ತರು, ಇನ್ನೊಬ್ಬರು ಪಾಳೆಯಗಾರಿಕೆಯವರು ಎಂದು ಗೆರೆ ಎಳೆಯುವ ಹಾಗಿಲ್ಲ. ಜಗಳವಿದ್ದುದು ಒಂದೇ ವಿಷಯದಲ್ಲಿ: ಕೊಡಗು ನೆರೆಯ ಮೈಸೂರಿನೊಡನೆ ಸೇರಬೇಕೇ, ಬೇಡವೇ?

ಸೇರಬೇಕು ಎಂಬುದು ಕಾಂಗ್ರೆಸ್ಸಿನ ನಿಲುವು. ಬೇಡ ಎಂಬುದು ತಕ್ಕಡಿಯವರ ನಿಲುವು. ಬೆಳ್ಳಿಯಪ್ಪನವರು ನಡೆಸಿದ್ದು ಕನ್ನಡ ಪತ್ರಿಕೆಯನ್ನು ಎಂಬುದನ್ನು ಇಲ್ಲಿ ನೆನೆಯಬೇಕು. ಕನ್ನಡದಲ್ಲಿ ಬರೆದು ಬಾಳಿದವರು ಕನ್ನಡ ರಾಜ್ಯದೊಡನೆ ಸೇರುವುದನ್ನು ವಿರೋಧಿಸಿದರೆಂದರೆ ಅದು ಭಾಷೆಯ ದ್ವೇಷದಿಂದ ಆಗಿರಲಾರದು. ಏಕೀಕರಣದ ಚರಿತ್ರೆಯನ್ನು ಬರೆದ ಕೆಲವರು ಈ ಸೂಕ್ಷ್ಮವನ್ನು ಬಿಟ್ಟುಬಿಟ್ಟು, ವಿಲೀನವನ್ನು ಒಪ್ಪದವರನ್ನೆಲ್ಲ ಕನ್ನಡದ ವಿರೋಧಿಗಳೆಂಬ ಒಂದೇ ಗುಂಪಿಗೆ ಸೇರಿಸಿದ್ದಾರೆ. ಅದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ಅಜ್ಜ ತಕ್ಕಡಿಗೆ ಮತ ಹಾಕಿದವರು. ಕಾರಣ ಕೇಳಿದರೆ ದೊಡ್ಡ ತತ್ವವನ್ನೇನೂ ಹೇಳುತ್ತಿರಲಿಲ್ಲ. "ನಮ್ಮ ಜಮ್ಮಾ, ನಮ್ಮ ಬಾಣೆ, ಇವೆಲ್ಲ ಏನೆಂದು ಬಯಲುಸೀಮೆಯ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು?" ಎನ್ನುತ್ತಿದ್ದರು. ಕೇಳುಗರಲ್ಲಿ ಹಲವರಿಗೆ ಈ ಮಾತುಗಳು ಹೊಸತಿರಬಹುದು. ಜಮ್ಮಾ ಎಂದರೆ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಬಂದ ಭೂಮಿ. ಅದಕ್ಕೆ ಸಾಮಾನ್ಯ ಕಂದಾಯದ ಅರ್ಧ. ಬಾಣೆ ಎಂದರೆ ಗದ್ದೆಗೆ ಹೊಂದಿಕೊಂಡ ಗುಡ್ಡದ ಜಾಗ. ಸೌದೆ, ಸೊಪ್ಪು, ಮೇವಿಗೆಂದು ಬಿಟ್ಟದ್ದು. ಕೋವಿಗೆ ಪರವಾನಗಿ ಬೇಡವೆಂಬ ರಿಯಾಯಿತಿಯೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇತ್ತು. ಇವುಗಳಲ್ಲಿ ಒಂದೊಂದೂ ಹೊರಗಿನವರಿಗೆ ಬಿಡಿಸಿ ಹೇಳಬೇಕಾದ ವಿಷಯ. ಬಿಡಿಸಿ ಹೇಳಬೇಕಾದವನು ಯಾವಾಗಲೂ ಅರ್ಧ ಸೋತವನೇ ಎಂಬುದು ಅಜ್ಜನ ಭಯ. ಎದುರು ಪಕ್ಷದವರೂ ತಮಾಷೆಯಾಗಿ ಉತ್ತರ ಕೊಡುತ್ತಿದ್ದರಂತೆ: ಕಾವೇರಿ ತಾಯಿ ಯಾರನ್ನೂ ಕೇಳದೆ ಎಂದೋ ಮೈಸೂರಿಗೆ ಹರಿದು ಹೋಗಿದ್ದಾಳೆ, ನಮ್ಮದೇನು ಹೆಚ್ಚು, ಎಂದು.

ಫಲಿತಾಂಶ ಬಂದಾಗ 24ರಲ್ಲಿ 15 ಸ್ಥಾನ ಕಾಂಗ್ರೆಸ್ಸಿಗೆ, 9 ಸ್ಥಾನ ಪಕ್ಷೇತರರಿಗೆ. ಲೋಕಸಭೆಗೆ ಕೊಡಗಿನಿಂದಿದ್ದ ಒಂದೇ ಸ್ಥಾನವೂ ಕಾಂಗ್ರೆಸ್ಸಿನ ಎನ್. ಸೋಮಣ್ಣನವರಿಗೆ ಹೋಯಿತು. 1952ರ ಮಾರ್ಚಿ ತಿಂಗಳಲ್ಲಿ ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಎರಡನೆಯ ಮಂತ್ರಿಗಳು ಕೂತೂರು ಮಲ್ಲಪ್ಪನವರು, ಶನಿವಾರಸಂತೆಯ ಕಡೆಯಿಂದ ಆರಿಸಿ ಬಂದವರು. ಒಬ್ಬರು ಕೊಡವರು, ಇನ್ನೊಬ್ಬರು ಕೊಡಗಿನ ಉತ್ತರದ ಸೀಮೆಯವರು. ಇಬ್ಬರೇ ಇದ್ದರೂ ಸಣ್ಣ ನಾಡಿನ ಒಳಗಿನ ತೂಕವನ್ನು ನೋಡಿಯೇ ಏರ್ಪಾಟಾದಂತೆ ಕಾಣುತ್ತದೆ.

ಆದರೆ ಮುಖ್ಯಮಂತ್ರಿ ಎಂಬ ಹೆಸರು ಕೇಳಿ ಮೋಸ ಹೋಗಬಾರದು. ಸಿ ವರ್ಗದ ಮುಖ್ಯಮಂತ್ರಿಗೂ ಮದರಾಸಿನ ಅಥವಾ ಮುಂಬಯಿಯ ಮುಖ್ಯಮಂತ್ರಿಗೂ ಬಹಳ ವ್ಯತ್ಯಾಸ. ಇಲ್ಲಿ ಚೀಫ್ ಕಮಿಷನರು ಇನ್ನೂ ಇದ್ದರು; 1950ರಿಂದ 1956ರವರೆಗೆ ದಯಾಸಿಂಗ್ ಬೇಡಿ ಎಂಬವರು ಆ ಸ್ಥಾನದಲ್ಲಿದ್ದರು. ಮಂತ್ರಿಮಂಡಲದ ಸಭೆಗೆ ಚೀಫ್ ಕಮಿಷನರು ಬಂದರೆ ಅವರೇ ಅಧ್ಯಕ್ಷರು. ಅವರಿಗೂ ಮಂತ್ರಿಗಳಿಗೂ ಅಭಿಪ್ರಾಯ ಭೇದ ಬಂದರೆ ವಿಷಯ ರಾಷ್ಟ್ರಪತಿಗಳ ಬಳಿಗೆ, ಎಂದರೆ ದೆಹಲಿಯ ಗೃಹಶಾಖೆಗೆ ಹೋಗಬೇಕು. ವಿಧಾನಸಭೆ ಒಪ್ಪಿದ ಮಸೂದೆಗಳೂ ರಾಷ್ಟ್ರಪತಿಗಳ ಒಪ್ಪಿಗೆಗೆ ಕಾದಿರಬೇಕು. ಮಡಿಕೇರಿಯಲ್ಲಿ ಮೂಡಿದ ಆಲೋಚನೆ ದೆಹಲಿಗೆ ಹೋಗಿ ಬಂದಮೇಲೆ ಕಾನೂನು.

ಈಗ ಅಜ್ಜನ ಮಾತನ್ನು ಮತ್ತೆ ನೋಡಬೇಕು. ಬೆಳಿಗ್ಗೆ ಹೋಗಿ ಸಂಜೆಗೆ ಸರಕಾರವನ್ನು ಕಂಡು ಬರಬಹುದಿತ್ತು, ನಿಜ. ಆದರೆ ಅವರು ಕಂಡು ಬಂದ ಸರಕಾರದ ಕೈಯಲ್ಲಿ ಎಷ್ಟಿತ್ತು? ಕಿವಿ ಹತ್ತಿರವಿತ್ತು, ಕೈ ದೂರವಿತ್ತು. ಈ ಸಂಗತಿಯನ್ನು ಅಜ್ಜನ ಎದುರು ಒಮ್ಮೆ ಆಡಿದ್ದಕ್ಕೆ ಅವರು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಹಾಗೆಂದು ಆ ನಾಲ್ಕೂವರೆ ವರ್ಷದ ಆಡಳಿತ ಬರಿಯ ಹೆಸರಿನದಾಗಿರಲಿಲ್ಲ. 24 ಮಂದಿ ಕುಳಿತು ಚರ್ಚಿಸುವ ಸಭೆಯಲ್ಲಿ ಸದಸ್ಯನು ಎದ್ದು ನಿಂತು ಒಂದು ಸೇತುವೆಯ ಹೆಸರು ಹೇಳಿದರೆ, ಆ ಸೇತುವೆಯನ್ನು ದಾಟಿ ಬಂದವರು ಅಲ್ಲಿ ಹಲವರು ಇರುತ್ತಿದ್ದರು. ರಾಜ್ಯದ ಆಯುಷ್ಯದ ಕೊನೆಯ ವರ್ಷವಾದ 1956ರಲ್ಲಿಯೂ ಆ ಸಭೆ ಸುಮ್ಮನೆ ಕುಳಿತಿರಲಿಲ್ಲ. ಆ ವರ್ಷದ ಶಾಸನಗಳಲ್ಲಿ ದೇವಸ್ಥಾನಗಳ ನಿಧಿಯ ಆಡಳಿತಕ್ಕೆಂದು ಮಾಡಿದ ಕಾನೂನು ಒಂದು. ಕೊಡಗಿನಲ್ಲಿ ಊರಿಗೊಂದು ದೇವಸ್ಥಾನ, ದೇವಸ್ಥಾನಕ್ಕೊಂದು ಭಂಡಾರ, ಭಂಡಾರಕ್ಕೆ ಹಲವು ಮನೆತನಗಳ ಹಕ್ಕು. ಅದರ ಲೆಕ್ಕವನ್ನು ಒಂದು ಹದಕ್ಕೆ ತರುವುದು ಸುಲಭದ ಮಾತಲ್ಲ. ಆ ಕಾನೂನನ್ನು ಮಾಡಿದ ಸಭೆ ಅದೇ ವರ್ಷ ಮುಗಿದು ಹೋಯಿತು. ಕಾನೂನು ಮಾತ್ರ ಉಳಿಯಿತು. ಕರ್ನಾಟಕಕ್ಕೆಲ್ಲ ಒಂದೇ ಎನ್ನುವಂತೆ ಮಾಡಿದ 1997ರ ಧಾರ್ಮಿಕ ಸಂಸ್ಥೆಗಳ ಅಧಿನಿಯಮ ಜಾರಿಗೆ ಬಂದು ಅದನ್ನು ತೆಗೆದುಹಾಕುವವರೆಗೆ, ಇಲ್ಲದ ರಾಜ್ಯದ ಕಾನೂನು ಕೊಡಗಿನ ದೇವಸ್ಥಾನಗಳಲ್ಲಿ ನಾಲ್ಕು ದಶಕಕ್ಕೂ ಮೀರಿ ನಡೆಯಿತು.

ವಿಲೀನದ ಪ್ರಶ್ನೆಗೆ ಉತ್ತರ ಹೊರಗಿನಿಂದ ಬಂತು. 1953ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಫಜಲ್ ಅಲಿಯವರು ಅಧ್ಯಕ್ಷರು. ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಸದಸ್ಯರು. 1955ರ ಸೆಪ್ಟೆಂಬರಿನಲ್ಲಿ ಅವರು ವರದಿ ಒಪ್ಪಿಸಿದರು. ಸಿ ವರ್ಗದ ರಾಜ್ಯಗಳೆಂಬ ವ್ಯವಸ್ಥೆಯೇ ಬೇಡ, ತಮ್ಮ ಕಾಲ ಮೇಲೆ ನಿಲ್ಲುವ ಹಣದ ಬಲ ಇವುಗಳಿಗಿಲ್ಲ ಎಂಬುದು ಅವರ ತೀರ್ಮಾನ. ಕೊಡಗು ಕನ್ನಡ ರಾಜ್ಯಕ್ಕೆ ಸೇರಬೇಕೆಂದು ಅವರು ಶಿಫಾರಸು ಮಾಡಿದರು. 1956ರ ನವೆಂಬರ್ 1ರಂದು ಅದರಂತೆ ಆಯಿತು. ಅಂದು ಹೊಸ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ ನಿಜಲಿಂಗಪ್ಪನವರು ಅಧಿಕಾರ ವಹಿಸಿದರು. ಕೊಡಗು ಅದರಲ್ಲಿ ಒಂದು ಜಿಲ್ಲೆಯಾಯಿತು.

ಪೂಣಚ್ಚನವರ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಿ. ಅಧಿಕಾರದಲ್ಲಿರುವವನು ತನ್ನ ಕುರ್ಚಿಯನ್ನು ಉಳಿಸಿಕೊಳ್ಳಲು ಹೆಣಗುವುದು ಲೋಕರೂಢಿ. ಇವರಾದರೋ ತಮ್ಮ ರಾಜ್ಯವನ್ನೇ ಇಲ್ಲವಾಗಿಸುವ ನಿಲುವನ್ನು ಹೊತ್ತ ಪಕ್ಷದ ನಾಯಕರಾಗಿ ಮತ ಕೇಳಿ ಗೆದ್ದವರು. ಆ ಕುರ್ಚಿಯ ಮೇಲೆ ಕುಳಿತ ಮೊದಲಿಗರೂ ಅವರೇ, ಕೊನೆಯವರೂ ಅವರೇ. ದೊಡ್ಡ ಮನೆಯಲ್ಲಿ ದೊಡ್ಡ ಸ್ಥಾನ ಸಿಗುವುದೆಂಬ ಆಸೆ ಅವರಿಗಿತ್ತೆಂದು ಹೇಳಿದವರೂ ಉಂಟು. ಸ್ಥಾನಗಳು ಸಿಕ್ಕಿದ್ದೂ ನಿಜ. ಹೊಸ ಮೈಸೂರಿನಲ್ಲಿ ಮಂತ್ರಿ, ಆಮೇಲೆ ರಾಜ್ಯಸಭೆ, 1967ರಿಂದ 1969ರವರೆಗೆ ಇಂದಿರಾ ಗಾಂಧಿಯವರ ಸಂಪುಟದಲ್ಲಿ ರೈಲ್ವೆ ಮಂತ್ರಿ, 1978ರಿಂದ 1980ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರು, ಅನಂತರ ಒರಿಸ್ಸಾದ ರಾಜ್ಯಪಾಲರು. ರೈಲು ಕಾಣದ ನಾಡಿನಿಂದ ಬಂದು ದೇಶದ ರೈಲುಗಳನ್ನೆಲ್ಲ ನೋಡಿಕೊಂಡರು ಎಂದು ನಮ್ಮೂರಿನಲ್ಲಿ ಹೇಳಿ ನಗುತ್ತಿದ್ದರು. ಕೊಡಗಿನೊಳಕ್ಕೆ ಇಂದಿಗೂ ರೈಲು ಬಂದಿಲ್ಲ. ಆದರೆ 1952ರಲ್ಲಿ ಮಡಿಕೇರಿಯಲ್ಲಿ ನಿಂತು ಇವೆಲ್ಲ ಬರುವುವೆಂದು ಯಾರಿಗೆ ಕಾಣುತ್ತಿತ್ತು? ಕೈಯಲ್ಲಿದ್ದುದನ್ನು ಬಿಡುವುದು ಮಾತ್ರ ಅಂದು ಖಚಿತವಾಗಿತ್ತು.

ನಷ್ಟವೇನೂ ಆಗಲಿಲ್ಲವೇ ಎಂದು ಕೇಳಿದರೆ, ಆಗಿದೆ ಎಂದೇ ಹೇಳಬೇಕು. 24 ಮಂದಿ ಶಾಸಕರಿದ್ದ ನಾಡಿಗೆ 2008ರ ಕ್ಷೇತ್ರ ವಿಂಗಡಣೆಯ ತರುವಾಯ ಉಳಿದುದು ಎರಡೇ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. ಲೋಕಸಭೆಯಲ್ಲಿ ತನ್ನದೇ ಆಗಿದ್ದ ಸ್ಥಾನವೂ ಹೋಗಿ, ಈಗ ಮೈಸೂರಿನೊಡನೆ ಸೇರಿ ಮತ ಹಾಕಬೇಕು. 224 ಮಂದಿಯ ಸಭೆಯಲ್ಲಿ ಇಬ್ಬರ ದನಿ ಎಷ್ಟು ಕೇಳೀತು? 1990ರ ದಶಕದಲ್ಲಿ ಪ್ರತ್ಯೇಕ ರಾಜ್ಯದ ಕೂಗು ಮತ್ತೆ ಎದ್ದದ್ದು ಈ ಲೆಕ್ಕದಿಂದಲೇ. ಆದರೆ ಅಜ್ಜನ ಎಲ್ಲ ಭಯವೂ ನಿಜವಾಗಲಿಲ್ಲ. ಕೋವಿಯ ರಿಯಾಯಿತಿ ಇಂದಿಗೂ ಇದೆ. ಜಮ್ಮಾ ಬಾಣೆಯ ವಿಷಯದಲ್ಲಿ ಮಾತ್ರ ಅವರು ಹೇಳಿದಂತೆಯೇ ಆಯಿತು; ಅದನ್ನು ಬಿಡಿಸಿ ಹೇಳುತ್ತ ಕೊಡಗಿನವರು ಕಚೇರಿಗಳಲ್ಲಿ, ನ್ಯಾಯಾಲಯಗಳಲ್ಲಿ ಕಳೆದ ವರ್ಷಗಳಿಗೆ ಲೆಕ್ಕವಿಲ್ಲ.

1952ರಲ್ಲಿ ನನಗೆ ಮತವಿದ್ದಿದ್ದರೆ ಯಾವ ಪೆಟ್ಟಿಗೆಗೆ ಹಾಕುತ್ತಿದ್ದೆ? ಜೋಡೆತ್ತಿನ ಪೆಟ್ಟಿಗೆಗೇ ಹಾಕುತ್ತಿದ್ದೆನೆಂದು ತೋರುತ್ತದೆ. ಚೀಫ್ ಕಮಿಷನರ ಅಧ್ಯಕ್ಷತೆಯಲ್ಲಿ ಕೂರುವ ಮಂತ್ರಿಮಂಡಲವನ್ನು ಸ್ವರಾಜ್ಯವೆಂದು ಬಹುಕಾಲ ನಂಬುವುದು ಸಾಧ್ಯವಿರಲಿಲ್ಲ. ಬೆಳ್ಳಿಯಪ್ಪನವರಂಥವರು ಬೇಡವೆಂದಾಗ, ಸೇರುವುದೇ ಆದರೆ ಯಾವ ಷರತ್ತಿನ ಮೇಲೆ ಎಂದು ಕುಳಿತು ಮಾತನಾಡುವಷ್ಟು ಕಾಲವನ್ನಾದರೂ ದೆಹಲಿ ಕೊಟ್ಟಿದ್ದರೆ ಒಳ್ಳೆಯದಿತ್ತು. ವರದಿ ಬಂದು ಹದಿಮೂರು ತಿಂಗಳೊಳಗೆ ರಾಜ್ಯ ಮುಗಿಯಿತು.

ಅಜ್ಜ ಹೊಸ ರಾಜ್ಯದಲ್ಲಿಯೂ ಪ್ರತಿ ಚುನಾವಣೆಗೂ ತಪ್ಪದೆ ಹೋಗಿ ಮತ ಹಾಕಿದರು. ಬೆಂಗಳೂರಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ಮಡಿಕೇರಿಗೆ ಹೋದಾಗಲೆಲ್ಲ ಕೋಟೆಯ ಬಳಿ ಸ್ವಲ್ಪ ನಿಂತು, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಹಳೆಯ ಪರಿಚಯದವರು ಯಾರಾದರೂ ಸಿಕ್ಕಾರೇ ಎಂದು ಆಚೆ ಈಚೆ ನೋಡಿ, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತಿದ್ದರು.